ಬೀದಿಯ ಮಾರಿಯನ್ನು ಒಳಗೆ ಕರೆದವರು

ಹಿಟ್ಲರ್ ಅಧಿಕಾರಕ್ಕೆ ಬಂದ ಬಗೆ ಮತ್ತು ಎರಡನೆಯ ಮಹಾಯುದ್ಧದ ಕಾರಣಗಳನ್ನು ಕುರಿತು ಕಳೆದ ತಿಂಗಳು ನಾನು ಬರೆದದ್ದು ಕೆಲವರಿಗೆ ರುಚಿಸಿಲ್ಲ. ಬಂದ ಪತ್ರಗಳಲ್ಲಿ ನನ್ನ ಓದು, ವಯಸ್ಸು, ಉದ್ದೇಶಗಳ ಬಗ್ಗೆ ಇರುವ ಮಾತುಗಳನ್ನು ಪಕ್ಕಕ್ಕಿಟ್ಟರೆ ಉಳಿಯುವ ವಾದಗಳು ನಾಲ್ಕೈದು. ಒಂದೆರಡರಲ್ಲಿ ಹುರುಳಿದೆ, ಒಪ್ಪಿಕೊಳ್ಳುತ್ತೇನೆ. ಉಳಿದವು ನಮ್ಮಲ್ಲಿ ಬಹಳ ಕಾಲದಿಂದ ಬಾಯಿಂದ ಬಾಯಿಗೆ ದಾಟಿ ಬಂದ ಮಾತುಗಳು. ತಾರೀಕು ಹಿಡಿದು ಯಾರೂ ನೋಡಿದಂತಿಲ್ಲ.

ಎಲ್ಲಕ್ಕಿಂತ ಹೆಚ್ಚು ಮಂದಿ ಹೇಳಿದ ಮಾತು ಇದು: ‘ಹಿಟ್ಲರನನ್ನು ಗೆಲ್ಲಿಸಿದ್ದು ಜರ್ಮನಿಯ ಜನ. ಜನ ಆರಿಸಿದ ಮೇಲೆ ಇನ್ನೇನು ತಕರಾರು?’

ಯಾವ ಚುನಾವಣೆಯಲ್ಲಿ ಗೆಲ್ಲಿಸಿದರು, ಸ್ವಾಮಿ? 1932ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತ ಹಿಟ್ಲರ್ ಮುದುಕ ಹಿಂಡೆನ್‌ಬರ್ಗ್ ಎದುರು ಸೋತ. ಹಿಂಡೆನ್‌ಬರ್ಗ್‌ಗೆ ಶೇ 53, ಇವನಿಗೆ ಶೇ 37ರಷ್ಟು ಮತ. ಜುಲೈನ ರೈಶ್‌ಸ್ಟಾಗ್ (ಸಂಸತ್ತು) ಚುನಾವಣೆಯಲ್ಲಿ ಅವನ ಪಕ್ಷಕ್ಕೆ ಶೇ 37.3 ಮತ, 608ರಲ್ಲಿ 230 ಸ್ಥಾನ. ಅತಿ ದೊಡ್ಡ ಪಕ್ಷ ಹೌದು, ಬಹುಮತ ಅಲ್ಲ. ನವೆಂಬರ್‌ನಲ್ಲಿ ಮತ್ತೆ ಚುನಾವಣೆ ನಡೆದಾಗ ಇಪ್ಪತ್ತು ಲಕ್ಷ ಮತಗಳು ಜಾರಿದವು; ಶೇ 33.1, 196 ಸ್ಥಾನ. ಅದೇ ಸಭೆಯಲ್ಲಿ ಸೋಷಿಯಲ್ ಡೆಮಾಕ್ರಾಟರು ಮತ್ತು ಕಮ್ಯುನಿಸ್ಟರನ್ನು ಕೂಡಿದರೆ 221. ಮುಕ್ತವಾಗಿ ನಡೆದ ಯಾವ ಚುನಾವಣೆಯಲ್ಲೂ ಆ ಪಕ್ಷ ಅರ್ಧದ ಗೆರೆ ದಾಟಲಿಲ್ಲ. 1932ರ ಕೊನೆಯಲ್ಲಿ ಅದರ ಬೊಕ್ಕಸ ಬರಿದಾಗಿತ್ತು, ಒಳಜಗಳ ಹತ್ತಿತ್ತು. ನಾಜಿಗಳ ಕಥೆ ಮುಗಿಯಿತು ಎಂದು ಬರ್ಲಿನ್ನಿನ ಪತ್ರಿಕೆಗಳೇ ಬರೆಯುತ್ತಿದ್ದವು.

ಇಳಿಮುಖವಾಗಿದ್ದವನು ಎರಡು ತಿಂಗಳಲ್ಲಿ ಚಾನ್ಸಲರ್ ಆದದ್ದು ಹೇಗೆ? ಇಲ್ಲಿ ಫ್ರಾಂಜ್ ಫಾನ್ ಪಾಪೆನ್ ಎಂಬ ಮಹಾಶಯರನ್ನು ಪರಿಚಯಿಸಬೇಕು. ಕುದುರೆ ಸವಾರಿ ಚೆನ್ನಾಗಿ ಬಲ್ಲ, ಹಿಂಡೆನ್‌ಬರ್ಗ್‌ಗೆ ಅಚ್ಚುಮೆಚ್ಚಿನ, ಜನಬೆಂಬಲವೆಂಬುದೇ ಇಲ್ಲದ ಸಿರಿವಂತ. 1932ರಲ್ಲಿ ಇವರೇ ಚಾನ್ಸಲರ್. ಸೆಪ್ಟೆಂಬರ್‌ನ ಅವಿಶ್ವಾಸ ಮತದಲ್ಲಿ ಇವರ ವಿರುದ್ಧ 512, ಪರವಾಗಿ 42. ಡಿಸೆಂಬರ್‌ನಲ್ಲಿ ಇವರ ಕುರ್ಚಿಗೆ ಜನರಲ್ ಶ್ಲೈಖರ್ ಬಂದ. ಆ ಸಿಟ್ಟು ತೀರಿಸಿಕೊಳ್ಳಲು ಪಾಪೆನ್ 1933ರ ಜನವರಿ 4ರಂದು ಕಲೋನ್ ನಗರದಲ್ಲಿ ಶ್ರೋಡರ್ ಎಂಬ ಬ್ಯಾಂಕರನ ಮನೆಯಲ್ಲಿ ಹಿಟ್ಲರನನ್ನು ಗುಟ್ಟಾಗಿ ಕಂಡರು. ಉಳಿದದ್ದು ಹಿಂಡೆನ್‌ಬರ್ಗ್ ಅವರ ಕಿವಿ ಊದುವ ಕೆಲಸ. ಮುದುಕರಿಗೆ ಆಗ 85 ವರ್ಷ. ಜನವರಿ 30ರಂದು ಹಿಟ್ಲರ್ ಚಾನ್ಸಲರ್, ಪಾಪೆನ್ ವೈಸ್ ಚಾನ್ಸಲರ್. ಮಂತ್ರಿಮಂಡಲದಲ್ಲಿ ಹಿಟ್ಲರ್ ಬಿಟ್ಟರೆ ನಾಜಿಗಳು ಇಬ್ಬರೇ. ಎರಡು ತಿಂಗಳಲ್ಲಿ ಅವನನ್ನು ಮೂಲೆಗೆ ತಳ್ಳುತ್ತೇವೆ ಎಂದು ಪಾಪೆನ್ ಗೆಳೆಯರೆದುರು ಜಂಬ ಕೊಚ್ಚಿದ್ದೂ ದಾಖಲಾಗಿದೆ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದು ಎಂದರೆ ಇದೇ. ಮಾರಿಗೆ ಬೀದಿಯಲ್ಲಿ ಭಕ್ತರಿದ್ದರು, ಅಲ್ಲಗಳೆಯುವುದಿಲ್ಲ. ಮೂರರಲ್ಲಿ ಒಬ್ಬ ಮತದಾರ ಅವನ ಕಡೆ ಇದ್ದ ಎಂಬುದು ಸಣ್ಣ ಅಪರಾಧವಲ್ಲ. ಆದರೆ ಚಿಲಕ ತೆಗೆದದ್ದು ಒಳಗಿದ್ದವರು.

‘1933ರ ಮಾರ್ಚ್ ಚುನಾವಣೆ ಮರೆತಿರಾ?’ ಎಂದು ನಿವೃತ್ತ ಅಧ್ಯಾಪಕರೊಬ್ಬರು ಕೇಳಿದ್ದಾರೆ. ಮರೆತಿಲ್ಲ, ಮೇಷ್ಟ್ರೇ. ಫೆಬ್ರವರಿ 27ರ ರಾತ್ರಿ ರೈಶ್‌ಸ್ಟಾಗ್ ಕಟ್ಟಡಕ್ಕೆ ಬೆಂಕಿ ಬಿತ್ತು. ಮರುದಿನವೇ ವಾಕ್ ಸ್ವಾತಂತ್ರ್ಯ, ಸಭೆ ಸೇರುವ ಹಕ್ಕು, ಬಂಧನದ ವಿರುದ್ಧದ ರಕ್ಷಣೆ ಎಲ್ಲವನ್ನೂ ಅಮಾನತಿನಲ್ಲಿಟ್ಟ ಆಜ್ಞೆಗೆ ಹಿಂಡೆನ್‌ಬರ್ಗ್ ಸಹಿ ಬಿತ್ತು. ನಾಜಿಗಳ ಕಂದು ಅಂಗಿಯ ದಾಂಡಿಗರಿಗೆ ಪ್ರಷ್ಯಾದಲ್ಲಿ ಸಹಾಯಕ ಪೊಲೀಸರ ಪಟ್ಟಿ ಕಟ್ಟಲಾಗಿತ್ತು. ಕಮ್ಯುನಿಸ್ಟರು ಜೈಲಿನಲ್ಲಿ ಅಥವಾ ತಲೆಮರೆಸಿಕೊಂಡು. ಇಷ್ಟೆಲ್ಲ ಆದಮೇಲೂ ಮಾರ್ಚ್ 5ರಂದು ನಾಜಿಗಳಿಗೆ ಬಂದದ್ದು ಶೇ 43.9. ಈ ಅಂಕಿ ನನ್ನ ವಾದಕ್ಕೆ ಸಾಕ್ಷಿ, ತಮ್ಮ ವಾದಕ್ಕಲ್ಲ.

ಈ ವಿಷಯದಲ್ಲಿ ಒಬ್ಬ ಓದುಗರು ನನ್ನ ತಪ್ಪನ್ನೂ ಹಿಡಿದಿದ್ದಾರೆ, ಅದಕ್ಕೆ ಋಣಿ. ಪಾಪೆನ್‌ಗಿಂತ ಮುಂಚಿನ ಚಾನ್ಸಲರ್ ಬ್ರೂನಿಂಗ್ ಕಾಲವನ್ನು ನಾನು ಎರಡು ಸಾಲಿನಲ್ಲಿ ಮುಗಿಸಿದ್ದೆ. ಮುಗಿಸಬಾರದಿತ್ತು. 1930ರ ಮಾರ್ಚ್‌ನಲ್ಲಿ ಕೊನೆಯ ಬಹುಮತದ ಸರ್ಕಾರ ಬಿದ್ದ ಮೇಲೆ ಜರ್ಮನಿಯನ್ನು ಆಳಿದ್ದು ಸಂವಿಧಾನದ 48ನೆಯ ವಿಧಿ, ಅಂದರೆ ಅಧ್ಯಕ್ಷರ ತುರ್ತು ಆಜ್ಞೆ. 1932ರಲ್ಲಿ ಅಂಥ ಆಜ್ಞೆಗಳು 66. ಸಂಸತ್ತು ಮಾಡಿದ ಕಾನೂನುಗಳು 5. ಸಂಸತ್ತಿಲ್ಲದೆಯೂ ದೇಶ ನಡೆಯುತ್ತದೆ ಎಂಬ ಅಭ್ಯಾಸವನ್ನು ಜರ್ಮನ್ನರಿಗೆ ಕಲಿಸಿದ್ದು ಹಿಟ್ಲರ್ ಅಲ್ಲ, ಗೌರವಸ್ಥ ರಾಜಕಾರಣಿಗಳು. ಎಡದವರನ್ನು ನಾನು ಉಳಿಸಿ ಮಾತಾಡಿದೆ ಎಂಬ ಆಕ್ಷೇಪವೂ ಸರಿ. ಮನೆಗೆ ಬೆಂಕಿ ಬೀಳುವ ಹೊತ್ತಿನಲ್ಲಿ ಕಮ್ಯುನಿಸ್ಟರು ಸೋಷಿಯಲ್ ಡೆಮಾಕ್ರಾಟರನ್ನೇ ಫ್ಯಾಸಿಸ್ಟರೆಂದು ಜರೆಯುತ್ತಿದ್ದರು. 221 ಎಂಬುದು ಕಾಗದದ ಮೇಲಿನ ಕೂಡಿಕೆಯಾಗಿಯೇ ಉಳಿಯಿತು.

ಇನ್ನು ವರ್ಸೇಲ್ಸ್. ‘1919ರ ಒಪ್ಪಂದದ ಅವಮಾನವೇ ಹಿಟ್ಲರನನ್ನು ಹೆತ್ತಿತು, ಯುದ್ಧವನ್ನೂ ಹೆತ್ತಿತು’ ಎಂಬ ವಾದ ನಮ್ಮ ಹೈಸ್ಕೂಲಿನ ಇತಿಹಾಸ ಪುಸ್ತಕದಿಂದಲೇ ತಲೆಯಲ್ಲಿ ಕೂತದ್ದು. ನಾನೂ ಪರೀಕ್ಷೆಯಲ್ಲಿ ಹಾಗೇ ಬರೆದು ಅಂಕ ಗಿಟ್ಟಿಸಿದವನು. ಒಪ್ಪಂದ ಕಠಿಣವಾಗಿತ್ತು; ಮೊದಲ ಮಹಾಯುದ್ಧದ ಹೊಣೆಯನ್ನು ಜರ್ಮನಿಯ ಮೇಲೆ ಹೊರಿಸಿದ 231ನೆಯ ವಿಧಿ ಆ ದೇಶದ ಎಲ್ಲ ಪಕ್ಷಗಳನ್ನೂ ಚುಚ್ಚಿತು. ಇಲ್ಲಿಯವರೆಗೆ ಜಗಳವಿಲ್ಲ. ಆದರೆ ಕ್ಯಾಲೆಂಡರ್ ನೋಡಿ. ಒಪ್ಪಂದವಾಗಿ ಒಂಬತ್ತು ವರ್ಷದ ಮೇಲೆ, 1928ರ ಮೇ ತಿಂಗಳಲ್ಲಿ, ಹಿಟ್ಲರನ ಪಕ್ಷಕ್ಕೆ ಬಂದ ಮತ ಶೇ 2.6, ಸ್ಥಾನ 12. ಹಣದುಬ್ಬರವೇ ಕಾರಣ ಎನ್ನುವವರಿಗೂ ಇದೇ ಉತ್ತರ: ಒಂದು ಡಾಲರಿಗೆ ಲಕ್ಷಾಂತರ ಕೋಟಿ ಮಾರ್ಕ್ ಆಗಿದ್ದು 1923ರಲ್ಲಿ, ಅದೇ ವರ್ಷದ ಕೊನೆಗೆ ಹೊಸ ನಾಣ್ಯ ಬಂದು ಅದು ನಿಂತಿತು. ಅವಮಾನವೂ ಇತ್ತು, ಉಳಿತಾಯ ಕಳೆದುಕೊಂಡ ನೋವೂ ಇತ್ತು, ಮತ ಮಾತ್ರ ನೂರಕ್ಕೆ ಮೂರೂ ಇರಲಿಲ್ಲ.

1930ರ ಸೆಪ್ಟೆಂಬರ್‌ನಲ್ಲಿ ಅದು ಶೇ 18.3ಕ್ಕೆ ಜಿಗಿಯಿತು. ನಡುವೆ ಏನಾಯಿತು? ಅಮೆರಿಕದ ಷೇರುಪೇಟೆ ಕುಸಿದು ಜರ್ಮನಿಗೆ ಕೊಟ್ಟ ಸಾಲ ಹಿಂದಕ್ಕೆ ಹೋಯಿತು. ಬ್ರೂನಿಂಗ್ ಸರ್ಕಾರ ಸಂಬಳ, ಭತ್ಯೆಗಳಿಗೆ ಕತ್ತರಿ ಹಾಕಿ ತೆರಿಗೆ ಏರಿಸಿತು. ನಿರುದ್ಯೋಗಿಗಳು 1932ರ ಹೊತ್ತಿಗೆ 60 ಲಕ್ಷ. ಕುತೂಹಲದ ಸಂಗತಿಯೆಂದರೆ ಕೆಲಸ ಹೋದ ಕಾರ್ಮಿಕರು ಹೆಚ್ಚಾಗಿ ಹೊರಳಿದ್ದು ಕಮ್ಯುನಿಸ್ಟರ ಕಡೆಗೆ. ಹಿಟ್ಲರನ ಮತದ ಕಣಜ ಪ್ರೊಟೆಸ್ಟಂಟರ ಹಳ್ಳಿಗಳು, ಸಣ್ಣ ಪಟ್ಟಣಗಳು: ಸಾಲದಲ್ಲಿದ್ದ ರೈತ, ಅಂಗಡಿಯವನು, ಪಿಂಚಣಿದಾರ. ಕೈಯಲ್ಲಿ ಇನ್ನೂ ಒಂದಿಷ್ಟು ಇದ್ದು, ಅದೂ ಹೋದೀತೆಂದು ಹೆದರಿದವರು.

ಗೆದ್ದವರಿಗೆ ಜರ್ಮನಿ ಕಟ್ಟಬೇಕಿದ್ದ ಯುದ್ಧ ಪರಿಹಾರದ ಹಣದ ಲೆಕ್ಕವನ್ನೂ ಮುಗಿಸಿಬಿಡೋಣ. 132 ಶತಕೋಟಿ ಚಿನ್ನದ ಮಾರ್ಕ್ ಎಂಬ ಅಂಕಿಯನ್ನು ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಅದರಲ್ಲಿ 82 ಶತಕೋಟಿ ವಸೂಲಿಯ ಆಸೆಯಿಲ್ಲದೆ, ಫ್ರಾನ್ಸಿನ ಮತದಾರರ ಸಮಾಧಾನಕ್ಕೆ ಬರೆದದ್ದು. 1924ರಲ್ಲೂ 1929ರಲ್ಲೂ ಕಂತುಗಳನ್ನು ಇಳಿಸಲಾಯಿತು, 1931ರಲ್ಲಿ ತಡೆಹಿಡಿಯಲಾಯಿತು, 1932ರ ಜುಲೈನಲ್ಲಿ ಲೊಸಾನ್ ಸಮ್ಮೇಳನದಲ್ಲಿ ಹೆಚ್ಚುಕಡಿಮೆ ಮನ್ನಾ ಆಯಿತು. ರೈನ್‌ಲ್ಯಾಂಡಿನಿಂದ ಫ್ರೆಂಚ್ ಸೈನ್ಯ ಕಾಲು ತೆಗೆದದ್ದು 1930ರಲ್ಲಿ, ಗಡುವಿಗಿಂತ ಐದು ವರ್ಷ ಮೊದಲು. ಹಿಟ್ಲರ್ ಬರುವ ಹೊತ್ತಿಗೆ ವರ್ಸೇಲ್ಸಿನ ನೊಗ ಬಹಳಷ್ಟು ಸಡಿಲಾಗಿತ್ತು. ಅವನಿಗೆ ಬೇಕಾಗಿದ್ದದ್ದು ನೊಗ ಕಳಚುವುದಷ್ಟೇ ಅಲ್ಲ.

ಅದೇನು ಬೇಕಾಗಿತ್ತು ಎಂಬುದೇ ಮುಂದಿನ ಆಕ್ಷೇಪಕ್ಕೆ ಉತ್ತರ. ‘ಡಾನ್‌ಜಿಗ್ ಜರ್ಮನ್ನರ ಊರು, ಅದನ್ನು ಕೇಳಿದ್ದಕ್ಕೆ ಬ್ರಿಟನ್-ಫ್ರಾನ್ಸ್ ಯುದ್ಧ ಸಾರಿದವು. ಯುದ್ಧ ಹೂಡಿದವರು ಅವರೇ’ ಎಂದು ಒಬ್ಬರು ಎರಡು ಪುಟ ಬರೆದಿದ್ದಾರೆ. ಡಾನ್‌ಜಿಗ್ ಪ್ರಶ್ನೆಯೇ ಅಲ್ಲ, ಪೂರ್ವದಲ್ಲಿ ನೆಲ ವಿಸ್ತರಿಸುವುದೇ ವಿಷಯ ಎಂದವನು ನಾನಲ್ಲ, ಹಿಟ್ಲರ್. 1939ರ ಮೇ 23ರಂದು ತನ್ನ ಸೇನಾಧಿಕಾರಿಗಳ ಮುಂದೆ ಹೇಳಿದ್ದನ್ನು ಅವನ ಸಹಾಯಕ ಅಧಿಕಾರಿಯೇ ಬರೆದಿಟ್ಟಿದ್ದಾನೆ. ಅದು ಹೊಸ ಯೋಚನೆಯೂ ಅಲ್ಲ. ಚಾನ್ಸಲರ್ ಆದ ನಾಲ್ಕನೆಯ ದಿನ, 1933ರ ಫೆಬ್ರವರಿ 3ರಂದು, ಜನರಲ್‌ಗಳ ಜೊತೆ ಊಟಕ್ಕೆ ಕೂತವನು ಪೂರ್ವದಲ್ಲಿ ಬದುಕುವ ಜಾಗ ಗೆದ್ದು ಅದನ್ನು ನಿರ್ದಯವಾಗಿ ಜರ್ಮನೀಕರಿಸುವ ಮಾತಾಡಿದ. 1936ರ ಆಗಸ್ಟ್ ಟಿಪ್ಪಣಿಯಲ್ಲಿ ನಾಲ್ಕು ವರ್ಷದೊಳಗೆ ಸೈನ್ಯವೂ ಆರ್ಥಿಕತೆಯೂ ಯುದ್ಧಕ್ಕೆ ಸಿದ್ಧವಿರಬೇಕೆಂದು ಬರೆದ. 1939ರ ಮಾರ್ಚ್ 15ರಂದು ಪ್ರಾಗ್ ನಗರಕ್ಕೆ ನುಗ್ಗಿದಾಗ ಅಲ್ಲಿ ಬಿಡುಗಡೆ ಮಾಡಲು ಯಾವ ಜರ್ಮನ್ ಪ್ರಾಂತ್ಯ ಉಳಿದಿತ್ತು? ಜರ್ಮನ್ನರು ಹೆಚ್ಚಿದ್ದ ಸುಡೇಟನ್ ಪ್ರದೇಶವನ್ನು ಹಿಂದಿನ ವರ್ಷವೇ ಮ್ಯೂನಿಕ್‌ನಲ್ಲಿ, ಚೆಕ್ಕರನ್ನು ಹೊರಗಿಟ್ಟು, ತಟ್ಟೆಯಲ್ಲಿಟ್ಟು ಕೊಟ್ಟಾಗಿತ್ತು. 1939ರ ಆಗಸ್ಟ್ 22ರಂದು ಅದೇ ಜನರಲ್‌ಗಳಿಗೆ ಅವನು ಹೇಳಿಕೊಂಡ ಭಯ ಒಂದೇ: ಕೊನೆ ಗಳಿಗೆಯಲ್ಲಿ ಯಾವನಾದರೂ ಸಂಧಾನಕ್ಕೆ ಬಂದು ಕೆಡಿಸಿಯಾನು. ಮರುದಿನ ಸ್ಟಾಲಿನ್ ಜೊತೆ ಒಪ್ಪಂದ. ಪೋಲೆಂಡನ್ನು ಹಂಚಿಕೊಳ್ಳಲು ಅದರಲ್ಲಿ ಗುಟ್ಟಿನ ಕಲಮು ಇತ್ತು. ಸ್ಟಾಲಿನ್ ಪಾಲನ್ನು ನಾನು ಮುಚ್ಚಿಡುವುದಿಲ್ಲ.

ಇದಕ್ಕೆ ತಿರುವುಮುರುವಾಗಿ, ‘ಎಲ್ಲ ತಪ್ಪೂ ಚೇಂಬರ್ಲೇನನದು’ ಎಂದವರೂ ಇದ್ದಾರೆ. ಆ ಬ್ರಿಟಿಷ್ ಪ್ರಧಾನಿ ಮ್ಯೂನಿಕ್‌ನಲ್ಲಿ ಮೋಸಹೋದ, ಇನ್ನೊಬ್ಬರ ನೆಲವನ್ನು ಕೊಟ್ಟು ಮೋಸಹೋದ. ಹಾಗೆಂದು ಕಾವಲುಗಾರ ತೂಕಡಿಸಿದ ಎಂಬ ಕಾರಣಕ್ಕೆ ಕನ್ನ ಹಾಕಿದವನ ಹೆಸರನ್ನು ಎಫ್‌ಐಆರ್‌ನಿಂದ ತೆಗೆಯಲಾಗದು.

‘ಏನೇ ಹೇಳಿ, ಆರು ವರ್ಷದಲ್ಲಿ ಎಲ್ಲರಿಗೂ ಕೆಲಸ ಕೊಟ್ಟ, ಹೆದ್ದಾರಿ ಕಟ್ಟಿದ.’ ನಮ್ಮೂರ ಹೋಟೆಲಿನ ಟೇಬಲ್ಲಿನಲ್ಲಿ ನಾನು ಅತಿ ಹೆಚ್ಚು ಕೇಳಿರುವ ಮಾತು ಇದು. ಕಲೋನ್-ಬಾನ್ ಹೆದ್ದಾರಿಯನ್ನು 1932ರ ಆಗಸ್ಟ್‌ನಲ್ಲಿ ಉದ್ಘಾಟಿಸಿದ್ದು ಕಲೋನ್ ಮೇಯರ್ ಕಾನ್ರಾಡ್ ಅಡೆನಾವರ್. ಹಿಟ್ಲರ್ ಆಗಿನ್ನೂ ಚಾನ್ಸಲರ್ ಆಗಿರಲಿಲ್ಲ. ಆರ್ಥಿಕ ಚೇತರಿಕೆ ಸಹ ಅದೇ ವರ್ಷದ ಕೊನೆಗೆ ಶುರುವಾಗಿತ್ತು. ಆಮೇಲೆ ಕೆಲಸ ಹೆಚ್ಚಿದ್ದು ನಿಜ. ಯಾವ ದುಡ್ಡಿನಲ್ಲಿ? ‘ಮೆಫೊ’ ಎಂಬ ಹೆಸರಿಗಷ್ಟೇ ಇದ್ದ ಕಂಪನಿಯ ಹುಂಡಿಗಳಲ್ಲಿ. 1938ರ ಹೊತ್ತಿಗೆ ಅವು 12 ಶತಕೋಟಿ ಮಾರ್ಕ್ ಮುಟ್ಟಿದ್ದವು, ಹೋದದ್ದು ಮದ್ದುಗುಂಡಿಗೆ. ಇನ್ನು ಸಾಗದು ಎಂದು ಪತ್ರ ಬರೆದ ರೈಶ್‌ಬ್ಯಾಂಕ್ ಮುಖ್ಯಸ್ಥ ಶಾಖ್ಟ್‌ನನ್ನು 1939ರ ಜನವರಿಯಲ್ಲಿ ಮನೆಗೆ ಕಳಿಸಿದರು. ಆ ಸಾಲವನ್ನು ನೆರೆಯವರ ಚಿನ್ನ, ಧಾನ್ಯ, ಕಾರ್ಖಾನೆ ದೋಚದೆ ತೀರಿಸುವ ದಾರಿಯಿರಲಿಲ್ಲ. ಹೊಗಳುವ ಕೆಲಸ ಮತ್ತು ತೆಗಳುವ ಯುದ್ಧ, ಎರಡೂ ಒಂದೇ ಖಾತೆಯ ಜಮಾ-ಖರ್ಚು.

ಕಾರಿನ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಜನಸಾಮಾನ್ಯರಿಗೆ 990 ಮಾರ್ಕಿಗೆ ಕಾರು ಎಂದು ಸಾರಿ, ವಾರಕ್ಕೆ 5 ಮಾರ್ಕಿನ ಸ್ಟಾಂಪು ಅಂಟಿಸುವ ಚೀಟಿ ಶುರುಮಾಡಿದರು. 3,36,000 ಮಂದಿ ಕಟ್ಟಿದರು. ಕಾರ್ಖಾನೆ ಸೈನ್ಯದ ವಾಹನ ಮಾಡತೊಡಗಿತು. ಚೀಟಿ ಕಟ್ಟಿದವರಲ್ಲಿ ಒಬ್ಬನಿಗೂ ಹಿಟ್ಲರನ ಕಾಲದಲ್ಲಿ ಕಾರು ಸಿಗಲಿಲ್ಲ. ಚೀಟಿ ವ್ಯವಹಾರದಲ್ಲಿ ಕೈಸುಟ್ಟುಕೊಂಡ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೈ ಶುದ್ಧ ಇದ್ದವನು ಎಂಬ ಮಾತೂ ಬಂದಿದೆ. ಸ್ವಂತ ಪುಸ್ತಕದ ಆದಾಯಕ್ಕೆ ಅವನು ಉಳಿಸಿಕೊಂಡಿದ್ದ ನಾಲ್ಕು ಲಕ್ಷ ಮಾರ್ಕಿಗೂ ಮೀರಿದ ತೆರಿಗೆ ಬಾಕಿಯನ್ನು ಅಧಿಕಾರಕ್ಕೆ ಬಂದ ಮೇಲೆ ಸದ್ದಿಲ್ಲದೆ ಅಳಿಸಿಹಾಕಲಾಯಿತು.

ಉಳಿದದ್ದು ನಮ್ಮ ಮನೆಯ ಮಾತು. ‘ಬ್ರಿಟಿಷರ ಶತ್ರು ನಮಗೆ ಮಿತ್ರ, ಅವನಿಂದಾಗಿ ನಮಗೆ ಸ್ವಾತಂತ್ರ್ಯ ಬಂತು.’ ಆ ಮಿತ್ರ 1937ರ ನವೆಂಬರ್‌ನಲ್ಲಿ ಲಾರ್ಡ್ ಹ್ಯಾಲಿಫ್ಯಾಕ್ಸ್‌ಗೆ ಕೊಟ್ಟ ಸಲಹೆ ಗಾಂಧಿಯನ್ನು ಗುಂಡಿಕ್ಕಿ ಕೊಲ್ಲಿ, ಸಾಲದಿದ್ದರೆ ಕಾಂಗ್ರೆಸ್ ನಾಯಕರನ್ನೂ ಎಂದು. ಈ ಹ್ಯಾಲಿಫ್ಯಾಕ್ಸ್ ಬೇರೆ ಯಾರೂ ಅಲ್ಲ, ಗಾಂಧಿಯ ಜೊತೆ 1931ರಲ್ಲಿ ಒಪ್ಪಂದಕ್ಕೆ ಕೂತ ವೈಸ್‌ರಾಯ್ ಇರ್ವಿನ್. ಸುಭಾಷರು 1942ರ ಮೇ 29ರಂದು ಹಿಟ್ಲರನನ್ನು ಕಂಡರು. ಅವನ ಪುಸ್ತಕದಲ್ಲಿ ಭಾರತದ ಬಗ್ಗೆ ಇದ್ದ ತುಚ್ಛ ಮಾತುಗಳನ್ನು ಮುಖಕ್ಕೇ ಎತ್ತಿದರು. ಭಾರತದ ಸ್ವಾತಂತ್ರ್ಯವನ್ನು ಬೆಂಬಲಿಸುವ ಬಹಿರಂಗ ಘೋಷಣೆ ಬೇಕೆಂದರೆ ಅವನು ಕೊಡಲಿಲ್ಲ. ಕೊಡುವುದಾದರೂ ಹೇಗೆ? ಬ್ರಿಟಿಷರು ಭಾರತವನ್ನು ಆಳುವಂತೆ ತಾನು ರಷ್ಯಾವನ್ನು ಆಳಬೇಕು ಎಂಬುದೇ ಅವನ ಕನಸು. ಯುದ್ಧದಿಂದ ಬ್ರಿಟನ್ ಬಸವಳಿಯಿತು, ನಮ್ಮ ಬಿಡುಗಡೆಗೆ ಅದೂ ಒಂದು ಕಾರಣ, ಸರಿ. ಹಾಗಾದರೆ ಆ ಯುದ್ಧದಲ್ಲಿ ಸತ್ತ 87,000 ಭಾರತೀಯ ಸೈನಿಕರನ್ನೂ, 1943ರ ಬಂಗಾಳದ ಬರದಲ್ಲಿ ಸತ್ತ ಸುಮಾರು ಮೂವತ್ತು ಲಕ್ಷ ಜನರನ್ನೂ ಅದೇ ಪುಟದಲ್ಲಿ ಬರೆಯಿರಿ. ನಮ್ಮನ್ನು ಒಂದು ಮಾತೂ ಕೇಳದೆ ಯುದ್ಧಕ್ಕೆ ನೂಕಿದ ವೈಸ್‌ರಾಯ್ ಲಿನ್‌ಲಿತ್‌ಗೋ ಹೆಸರನ್ನೂ ಬರೆಯಿರಿ, ನನ್ನ ತಕರಾರಿಲ್ಲ.

‘ಈ ದೇಶಕ್ಕೂ ಒಬ್ಬ ಹಿಟ್ಲರ್ ಬರಬೇಕು, ಆಗ ಶಿಸ್ತು ಬರುತ್ತದೆ’ ಎಂದು ಪತ್ರ ಮುಗಿಸಿದ ಹಿರಿಯರಿಗೆ ನನ್ನ ಉತ್ತರ ಒಂದು ಸಭೆಯ ಕಲಾಪ. 1933ರ ಮಾರ್ಚ್ 23, ಬರ್ಲಿನ್ನಿನ ಕ್ರೋಲ್ ಒಪೆರಾ ಭವನ. ಸಂಸತ್ತಿನ ಅಧಿಕಾರವನ್ನೆಲ್ಲ ಹಿಟ್ಲರನ ಸರ್ಕಾರಕ್ಕೆ ಒಪ್ಪಿಸುವ ಮಸೂದೆ. ಕಂದು ಅಂಗಿಯವರು ಗೋಡೆಗುಂಟ ನಿಂತಿದ್ದಾರೆ. ಕಮ್ಯುನಿಸ್ಟ್ ಸದಸ್ಯರು ಒಬ್ಬರೂ ಇಲ್ಲ. ಕ್ಯಾಥೊಲಿಕರ ಪಕ್ಷವೂ ಸೇರಿ 444 ಮಂದಿ ಹೂಂ ಎಂದರು. ಪಾಪೆನ್ ಹೇಳಿದ್ದ ಎರಡು ತಿಂಗಳು ಇನ್ನೂ ತುಂಬಿರಲಿಲ್ಲ. ಶ್ಲೈಖರ್‌ನನ್ನು ಮರುವರ್ಷದ ಜೂನ್ 30ರಂದು ಅವನ ಮನೆಯಲ್ಲೇ ಹೆಂಡತಿಯ ಸಮೇತ ಗುಂಡಿಟ್ಟು ಕೊಂದರು. ಪಾಪೆನ್ ಉಳಿದುಕೊಂಡರು, ನ್ಯೂರೆಂಬರ್ಗ್ ನ್ಯಾಯಾಲಯದಲ್ಲಿ ಖುಲಾಸೆಯಾಗಿ 1969ರವರೆಗೆ ಬದುಕಿದರು.

ಅಂದು ಇಲ್ಲ ಎಂದವರು 94 ಮಂದಿ, ಎಲ್ಲರೂ ಸೋಷಿಯಲ್ ಡೆಮಾಕ್ರಾಟರು. ಅವರ ಪರವಾಗಿ ಎದ್ದುನಿಂತು ಮಾತಾಡಿದ ಓಟೋ ವೆಲ್ಸ್‌ನ ಪೌರತ್ವವನ್ನು ಐದೇ ತಿಂಗಳಲ್ಲಿ ಕಿತ್ತುಕೊಂಡರು. ಅವನು 1939ರ ಸೆಪ್ಟೆಂಬರ್ 16ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡ. ಯುದ್ಧ ಶುರುವಾಗಿ ಆಗ ಹದಿನಾರನೆಯ ದಿನ.