ಗಾಜಿನ ತೊಟ್ಟಿಯೂ ಊರ ಕೆರೆಯೂ

ಮೀನು ಸಾಕುವುದು ನಿರುಪದ್ರವಿಯಾದ ಹವ್ಯಾಸವೆಂದು ನಾವೆಲ್ಲರೂ ನಂಬಿದ್ದೇವೆ. ಮೀನು ನಾಯಿಯಂತೆ ಬೊಗಳುವುದಿಲ್ಲ, ಗಿಳಿಯಂತೆ ಕಿರಿಚುವುದಿಲ್ಲ. ನಡುಮನೆಯಲ್ಲಿ ಗಾಜಿನ ತೊಟ್ಟಿಯೊಂದಿದ್ದರೆ ಬಂದವರ ಕಣ್ಣಿಗೂ ತಂಪು. ಇಂಥ ಹವ್ಯಾಸಕ್ಕೆ ಸರಕಾರವು ಕೈಹಾಕಿ, ಇಂತಿಂಥ ಪರದೇಶದ ಮೀನುಗಳನ್ನು ಮಾರಕೂಡದು, ಸಾಕಕೂಡದು ಎಂದು ವಿಧಿಸಬೇಕೆಂದು ನಾನು ಹೇಳಿದರೆ ಸಹಪಾಠಿಗಳು ನಗಬಹುದು. ಕೊನೆಯವರೆಗೆ ಓದಿ ಆಮೇಲೆ ನಗಲಿ ಎಂದಷ್ಟೇ ನನ್ನ ಬೇಡಿಕೆ.

ನಮ್ಮ ಪ್ರಾಣಿಶಾಸ್ತ್ರ ವಿಭಾಗದ ತೊಟ್ಟಿಯಲ್ಲಿ ‘ಸಕ್ಕರ್’ ಎಂಬ ಮೀನೊಂದಿದೆ. ತಂದಾಗ ಬೆರಳುದ್ದವಿತ್ತು. ಗಾಜಿಗಂಟಿದ ಪಾಚಿಯನ್ನು ತಿಂದು ತೊಟ್ಟಿಯನ್ನು ಚೊಕ್ಕಟವಾಗಿಡುತ್ತದೆಂಬುದೇ ಅದರ ಖ್ಯಾತಿ. ಈಗ ಗೇಣುದ್ದ ದಾಟಿ ಮೊಳದತ್ತ ಹೊರಟಿದೆ. ಮೈ ತಿರುಗಿಸಲೂ ಜಾಗ ಸಾಲದು. ಕೊಂಡ ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲೊಲ್ಲರು. ಮೊನ್ನೆ ಗೆಳೆಯನೊಬ್ಬ, “ಪಾಪ, ಕೆರೆಗೆ ಬಿಟ್ಟುಬಿಡೋಣ ಕಣೋ, ಪುಣ್ಯ ಬರುತ್ತೆ” ಎಂದ. ಈ ಲೇಖನ ಹುಟ್ಟಿದ್ದು ಆ ಮಾತಿನಿಂದ.

ಆ ಪುಣ್ಯದ ಫಲವನ್ನು ಉಣ್ಣುವವರು ಬೆಸ್ತರು. ಸಕ್ಕರ್ ಮೀನಿನ ತವರು ದಕ್ಷಿಣ ಅಮೆರಿಕದ ನದಿಗಳು. ಮೈತುಂಬ ಎಲುಬಿನ ಕವಚವಿರುವುದರಿಂದ ನಮ್ಮ ಕೊಕ್ಕರೆಗಾಗಲಿ ಕೊರಮೀನಿಗಾಗಲಿ ಅದು ಸುಲಭದ ತುತ್ತಲ್ಲ. ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಮೇಲೆ ಬಂದು ಗಾಳಿ ನುಂಗಿ ಜಠರದ ಮೂಲಕವೇ ಉಸಿರಾಡಬಲ್ಲದು. ಬೇರೆ ಮೀನು ಸಾಯುವ ಕೊಳಕು ನೀರಿನಲ್ಲೂ ಅದು ಬದುಕಿಕೊಳ್ಳುತ್ತದೆ. ದಂಡೆಯಲ್ಲಿ ಬಿಲ ಕೊರೆದು ಮೊಟ್ಟೆಯಿಡುತ್ತದೆ, ಗಂಡು ಕಾವಲಿರುತ್ತದೆ, ದಂಡೆಯ ಮಣ್ಣು ಸಡಿಲಾಗುತ್ತದೆ. ಅದರ ಮುಳ್ಳಿಗೆ ಬಲೆ ಹರಿಯುತ್ತದೆ. ಹರಿದ ಬಲೆಯಲ್ಲಿ ಉಳಿದದ್ದಕ್ಕೆ ಸಂತೆಯಲ್ಲಿ ಬೆಲೆಯಿಲ್ಲ. ಕೋಲ್ಕತ್ತದ ಪೂರ್ವದ ಜೌಗುನೆಲ, ಆಂಧ್ರ, ತಮಿಳುನಾಡು, ಕೇರಳ ಎಲ್ಲೆಡೆಯೂ ಇದು ಸಿಕ್ಕಿದೆ. 2020ರಲ್ಲಿ ವಾರಾಣಸಿಯ ಗಂಗೆಯಲ್ಲಿಯೂ ಸಿಕ್ಕಿತು. ಅಮೆಜಾನಿನಿಂದ ಅದೇನು ಈಜಿಕೊಂಡು ಕಾಶಿಯಾತ್ರೆಗೆ ಬಂದಿತೆ?

ಎಲ್ಲವೂ ದಯಾಳುಗಳ ಕೈಯಿಂದಲೇ ಆಗುವುದೂ ಇಲ್ಲ. 2018ರ ಮಹಾಪೂರದ ಬಳಿಕ ಕೇರಳದ ಹೊಳೆಗಳಲ್ಲಿ ಅರಾಪೈಮ, ಅಲಿಗೇಟರ್ ಗಾರ್ ಎಂಬ ದೈತ್ಯ ಮೀನುಗಳು ಬಲೆಗೆ ಬಿದ್ದವು. ಸಾಕಿದವನು ಎಷ್ಟೇ ಎಚ್ಚರಿಕೆಯವನಾದರೂ ನೆರೆಗೆ ಕದ ಹಾಕಲಾರ.

“ನಿಷೇಧದಿಂದ ಏನಾಗುತ್ತದೆ? ಆಫ್ರಿಕನ್ ಕ್ಯಾಟ್‌ಫಿಶ್ ಅನ್ನು 2000ದಲ್ಲೇ ನಿಷೇಧಿಸಿದರು, ಇಂದಿಗೂ ಕದ್ದು ಬೆಳೆಸುತ್ತಾರೆ” ಎಂದು ಕೇಳುವವರುಂಟು. ಮಾತು ನಿಜ. ಆದರೆ ಅದು ಕುದುರೆ ಓಡಿದ ಮೇಲೆ ಲಾಯಕ್ಕೆ ಬೀಗ ಹಾಕಿದ ನಿಷೇಧ. ಇನ್ನೂ ಹರಿತವಾದ ಪ್ರಶ್ನೆ ಬೇರೆಯಿದೆ: ಸೊಳ್ಳೆಯ ಮರಿ ತಿನ್ನಲೆಂದು 1928ರಲ್ಲಿ ಇಟಲಿಯಿಂದ ಗ್ಯಾಂಬೂಸಿಯಾವನ್ನೂ 1952ರಲ್ಲಿ ತಿಲಾಪಿಯವನ್ನೂ ಈ ದೇಶಕ್ಕೆ ತಂದವರು ತೊಟ್ಟಿಯ ಹವ್ಯಾಸಿಗಳೇ? ಅಲ್ಲ. ನಮ್ಮ ಕಾವೇರಿಯ ಕಿತ್ತಳೆ ರೆಕ್ಕೆಯ ದೊಡ್ಡ ಮಹಸೀರ್ ಇಂದು ಅಳಿವಿನ ಅಂಚಿನಲ್ಲಿರುವುದಕ್ಕೆ, ಬೇರೆಡೆಯ ನೀಲಿ ರೆಕ್ಕೆಯ ಮಹಸೀರ್ ಮರಿಗಳನ್ನು ಒಳ್ಳೆಯ ಉದ್ದೇಶದಿಂದಲೇ ನದಿಗೆ ಬಿಟ್ಟದ್ದೂ ಒಂದು ಕಾರಣವೆಂದು ತಜ್ಞರು ಹೇಳುತ್ತಾರೆ. ದೊಡ್ಡವರು ತಪ್ಪಿದರೆಂದು ಚಿಕ್ಕವರಿಗೆ ರಹದಾರಿ ಸಿಕ್ಕಿತೆಂದಲ್ಲ. ನದಿಗೆ ಎರಡೂ ಒಂದೇ.

ಹಾಗೆಂದು ಗಪ್ಪಿ ಸಾಕಿದ ಹುಡುಗನ ಮನೆಗೆ ಪೊಲೀಸರನ್ನು ಕಳಿಸಬೇಕೆನ್ನುವವನು ನಾನಲ್ಲ. ಆಸ್ಟ್ರೇಲಿಯಾದಲ್ಲಿ ತರಬಹುದಾದ ಮೀನುಗಳ ಪಟ್ಟಿಯಿದೆ. ಪಟ್ಟಿಯಲ್ಲಿಲ್ಲದ್ದು ಒಳಕ್ಕೆ ಬರುವಂತಿಲ್ಲ. ಕೆಟ್ಟದ್ದನ್ನು ಒಂದೊಂದಾಗಿ ಹುಡುಕಿ ನಿಷೇಧಿಸುವುದಕ್ಕಿಂತ ಇದು ಲೇಸು. ವನ್ಯಜೀವಿ ಕಾಯಿದೆಯ 2022ರ ತಿದ್ದುಪಡಿಯು ಆಕ್ರಮಣಕಾರಿ ಪರದೇಶೀ ಜೀವಿಗಳ ಆಮದು, ಮಾರಾಟ, ಸಾಕಣೆಗಳನ್ನು ತಡೆಯುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಕೊಟ್ಟಿದೆ. ಬಳಸಬೇಕು, ಅಷ್ಟೆ. ಜೊತೆಗೆ, ಮಾರಿದ ಅಂಗಡಿಯೇ ಬೆಳೆದ ಮೀನನ್ನು ಹಿಂದಕ್ಕೆ ಪಡೆಯತಕ್ಕದ್ದೆಂಬ ನಿಯಮವೂ ಬೇಕು. ಇಲ್ಲವಾದರೆ ನಿಷೇಧದ ಮರುದಿನವೇ ಊರಿನ ತೊಟ್ಟಿಗಳೆಲ್ಲ ಕೆರೆಗೆ ಬರಿದಾದಾವು! ಚೆಲುವೇ ಬೇಕೆನ್ನುವವರಿಗೆ ಪಶ್ಚಿಮ ಘಟ್ಟದ ಮೀನುಗಳಿಲ್ಲವೆ? ಆದರೆ ಅವನ್ನು ಹೊಳೆಯಿಂದ ದೋಚಿ ತರಬಾರದು. ‘ಮಿಸ್ ಕೇರಳ’ ಎಂಬ ಕೆಂಪು ಗೆರೆಯ ಮೀನು ಹಾಗೆಯೇ ವಿರಳವಾಯಿತು. ಸಾಕಿ ಮರಿಮಾಡಿದವು ಸಿಗುವಂತಾಗಲಿ.

ವಿಭಾಗದ ಅಧ್ಯಾಪಕರು ಹಿತ್ತಲಲ್ಲಿ ಸಿಮೆಂಟಿನ ತೊಟ್ಟಿಯೊಂದನ್ನು ಕಟ್ಟಿಸಲು ಒಪ್ಪಿದ್ದಾರೆ. ಅಲ್ಲಿಯವರೆಗೆ ಸಕ್ಕರ್ ಮೀನಿನ ನೀರು ಬದಲಿಸುವ ಕೆಲಸ ನಮ್ಮ ತರಗತಿಯದು. ಪುಣ್ಯದ ಮಾತಾಡಿದ ಗೆಳೆಯನ ಸರದಿ ಶನಿವಾರ.