ತೊಟ್ಟಿ ತುಂಬಿದರೂ ನಿಲ್ಲದ ಮೋಟಾರು



ಕೋಲಾರವಾಗಲಿ, ಮಾಲೂರಾಗಲಿ, ಮುಳಬಾಗಿಲಾಗಲಿ, ಶ್ರೀನಿವಾಸಪುರವಾಗಲಿ, ನಾಲ್ಕು ಜನ ಹೆಂಗಸರು ಸೇರಿದ ಕಡೆ ಸೊಂಟನೋವು, ಮಂಡಿನೋವಿನ ಮಾತು ಬಾರದೆ ಇರುವುದಿಲ್ಲ. ಕೂಡಲೇ ಒಬ್ಬರು, "ಕ್ಯಾಲ್ಸಿಯಂ ಕಮ್ಮಿ ಆಗಿರುತ್ತೆ, ಮಾತ್ರೆ ತಗೊಳ್ರೀ" ಅಂತಾರೆ. ನಾನೂ ಹಾಗೆ ಅಂದವಳೇ. ಶ್ರೀನಿವಾಸಪುರದಲ್ಲಿರುವ ನನ್ನ ಓರಗಿತ್ತಿಗೆ ಎರಡು ವರ್ಷ ಆ ಮಾತ್ರೆ ನುಂಗಿಸಿದವಳು ನಾನೇ.

ನೋವು ಹೋಗಲಿಲ್ಲ. ಬಾಯಾರಿಕೆ, ಮಲಬದ್ಧತೆ, ಸುಸ್ತು ಬೇರೆ ಸೇರಿಕೊಂಡವು. ಎರಡು ಸಲ ಮೂತ್ರಪಿಂಡದಲ್ಲಿ ಕಲ್ಲಾಯಿತು. ಆಗ ಡಾಕ್ಟರು ರಕ್ತದ ಕ್ಯಾಲ್ಸಿಯಂ ನೋಡಿಸಿದರು. ನೂರು ಮಿಲಿಲೀಟರಿಗೆ 8.5ರಿಂದ 10.5 ಮಿಲಿಗ್ರಾಂ ಒಳಗೆ ಇರಬೇಕಾದ್ದು 11.8 ಇತ್ತು! "ಅಕ್ಕಾ, ನನಗೆ ಕಮ್ಮಿ ಅಲ್ಲವಂತೆ, ಜಾಸ್ತಿಯಂತೆ" ಅಂತ ಅವಳು ಫೋನಿನಲ್ಲಿ ಹೇಳಿದಾಗ ನನ್ನ ಕೈಕಾಲು ತಣ್ಣಗಾಯಿತು.

ಡಾಕ್ಟರು ತಿಳಿಸಿ ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ನಮ್ಮ ಗಂಟಲಲ್ಲಿ ಥೈರಾಯ್ಡ್ ಗ್ರಂಥಿಯ ಹಿಂದೆ ಅಕ್ಕಿಕಾಳಿನಷ್ಟು ಚಿಕ್ಕ ನಾಲ್ಕು ಗ್ರಂಥಿಗಳಿವೆ. ಹೆಸರು ಪ್ಯಾರಾಥೈರಾಯ್ಡ್. ಮನುಷ್ಯರಲ್ಲಿ ಇವನ್ನು 1880ರಲ್ಲಿ ವಿವರಿಸಿದವನು ಸ್ವೀಡನ್ನಿನ ಸ್ಯಾಂಡ್‌ಸ್ಟ್ರೋಮ್. ಅದಕ್ಕೂ ಮೊದಲು ರಿಚರ್ಡ್ ಓವೆನ್ ಎಂಬವನು ಇವನ್ನು ಕಂಡದ್ದು ಎಲ್ಲಿ ಅಂತೀರಿ? ಲಂಡನ್ ಮೃಗಾಲಯದಲ್ಲಿ ಸತ್ತ ನಮ್ಮ ಭಾರತದ ಘೇಂಡಾಮೃಗದಲ್ಲಿ!

ಈ ಗ್ರಂಥಿಗಳ ಕೆಲಸ, ಮನೆಯ ನೀರಿನ ಮೋಟಾರಿನ ಕೆಲಸ. ಮೂಳೆ ಕೆಳಗಿನ ಸಂಪು, ರಕ್ತ ಮೇಲಿನ ತೊಟ್ಟಿ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಗ್ರಂಥಿ ಒಂದು ರಸವನ್ನು ಬಿಟ್ಟು, ಮೂಳೆಯಿಂದ ಸ್ವಲ್ಪ ಎಳೆಸುತ್ತದೆ. ತುಂಬಿತೋ, ನಿಲ್ಲಿಸುತ್ತದೆ.

ತುಂಬಿದ್ದು ಅದಕ್ಕೆ ತಿಳಿಯುವುದು ಹೇಗೆ? ಗ್ರಂಥಿಯ ಜೀವಕೋಶದ ಹೊರಮೈಯಲ್ಲಿ ಕ್ಯಾಲ್ಸಿಯಮನ್ನು ಮುಟ್ಟಿ ನೋಡುವ ಒಂದು ಪ್ರೋಟೀನು ಇದೆ. ಅಮೆರಿಕದ ವಿಜ್ಞಾನಿಗಳು 1993ರಲ್ಲಿ ಅದನ್ನು ಗುರುತಿಸಿದರು. ಹೊರಗೆ ಕ್ಯಾಲ್ಸಿಯಂ ಹೆಚ್ಚಿದರೆ ಅದು ಸುದ್ದಿ ಮುಟ್ಟಿಸುತ್ತದೆ. ಕೋಶದ ಒಳಗೆ ಕೂಡಿಟ್ಟ ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ, ಗೋಡೆಯ ಸಣ್ಣ ಬಾಗಿಲುಗಳಿಂದ ಹೊರಗಿನದೂ ಒಳಬರುತ್ತದೆ. ಹೆಚ್ಚಿನ ಗ್ರಂಥಿಗಳಲ್ಲಿ ಹೀಗೆ ಒಳಗೆ ಏರಿದರೆ ರಸ ಹೊರಡುತ್ತದೆ. ಇಲ್ಲಿ ಮಾತ್ರ ತಿರುವುಮುರುವು, ರಸ ನಿಲ್ಲುತ್ತದೆ. ಎಂಥ ಜಾಣತನ ನೋಡಿ!

ನನ್ನ ಓರಗಿತ್ತಿಗೆ ನಾಲ್ಕರಲ್ಲಿ ಒಂದು ಗ್ರಂಥಿ ಗಂಟಾಗಿ ಬೆಳೆದಿತ್ತು. ಕ್ಯಾನ್ಸರ್ ಅಲ್ಲ, ಆದರೆ ಮೋಟಾರು ನಿಲ್ಲುತ್ತಲೇ ಇರಲಿಲ್ಲ. ಸಂಪು ಬರಿದಾಗಿ ಮೂಳೆ ಸವೆಯಿತು, ತೊಟ್ಟಿ ಉಕ್ಕಿ ಮೂತ್ರಪಿಂಡದಲ್ಲಿ ಕಲ್ಲಾಯಿತು. ಅದರ ಮೇಲೆ ನನ್ನ ಮಾತ್ರೆ ಬೇರೆ! ಶಸ್ತ್ರಕ್ರಿಯೆ ಮಾಡಿ ಆ ಗ್ರಂಥಿ ತೆಗೆದರು. ಆಮೇಲೆ ಕೆಲವು ದಿನ ಬೆರಳು, ತುಟಿ ಜುಮ್ಮೆನ್ನುತ್ತಿತ್ತು. ಹಸಿದ ಮೂಳೆ ರಕ್ತದ ಕ್ಯಾಲ್ಸಿಯಮನ್ನು ಹೀರಿಕೊಳ್ಳುವುದರಿಂದ ಹಾಗಾಗುತ್ತದಂತೆ. ಆಗ ಡಾಕ್ಟರೇ ಕ್ಯಾಲ್ಸಿಯಂ ಮಾತ್ರೆ ಕೊಟ್ಟರು. ಅದೇ ಮಾತ್ರೆ, ಆದರೆ ಅಳೆದು ನೋಡಿ ಕೊಟ್ಟದ್ದು.

ಹಾಗಂತ ನೋವೆಲ್ಲ ಇದೇ ಕಾಯಿಲೆ ಅಂತ ಹೆದರಬೇಡಿ. ನಮ್ಮ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದು ಮೂಳೆಗೆ ಸೇರಿದರೂ ಬೆನ್ನು, ಕೀಲು ಹಿಡಿದುಕೊಳ್ಳುತ್ತವೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಶುದ್ಧೀಕರಣ ಘಟಕದ ನೀರೇ ಆಗಬೇಕು. ವಯಸ್ಸಾದಂತೆ ಕೀಲು ಸವೆಯುವುದೂ ಉಂಟು. ನೋವು ಒಂದೇ, ಕಾರಣ ಹಲವು.

ಆದ್ದರಿಂದ ಮಾತ್ರೆಗೆ ಮುಂಚೆ ಒಂದು ರಕ್ತಪರೀಕ್ಷೆ ಮಾಡಿಸಿ. ಐವತ್ತರ ಆಸುಪಾಸಿನವರು, ಮತ್ತೆ ಮತ್ತೆ ಕಲ್ಲಾಗುವವರು ತಪ್ಪದೆ ಮಾಡಿಸಿ. ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಮಾತ್ರ ನೀವಾಗಿ ಬಿಡಬೇಡಿ. ಊಟದ ಕ್ಯಾಲ್ಸಿಯಂಗೆ ನಮಗೇನು ಬರ? ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಮುದ್ದೆ, ನುಗ್ಗೆಸೊಪ್ಪು, ಮಜ್ಜಿಗೆ ಇರಲಿ.

ಇನ್ನು ಮುಂದೆ ನೋವು ಅಂತ ಯಾರಾದರೂ ಹೇಳಿದರೆ ನಾನು ಮಾತ್ರೆಯ ಹೆಸರು ಹೇಳುವುದಿಲ್ಲ. "ರಕ್ತ ಪರೀಕ್ಷೆ ಮಾಡಿಸಿದಿರಾ?" ಅಂತ ಕೇಳುತ್ತೇನೆ. ನೀವೂ ಹಾಗೇ ಕೇಳ್ತೀರಿ ತಾನೆ?