ವರ್ಷಕ್ಕೊಂದು ದಿನದ ಒಡನಾಟ ಸಾಲದು

ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನ ಸಮೀಪಿಸಿತೆಂದರೆ ಮಹಾನಗರಗಳ ಕಂಪೆನಿಗಳಿಗೆ ಮನೋರೋಗ ಆಸ್ಪತ್ರೆಗಳ ನೆನಪಾಗುತ್ತದೆ. ಒಂದೇ ಬಣ್ಣದ ಟೀ ಶರ್ಟ್ ತೊಟ್ಟ ನೌಕರರು ವಾರ್ಡಿಗೆ ಬಂದು ಹಾಡುತ್ತಾರೆ, ಕೇರಂ ಆಡುತ್ತಾರೆ, ಹಣ್ಣು ಹಂಚಿ ಹೊರಡುತ್ತಾರೆ. ಈ ಉತ್ಸಾಹವನ್ನು ಹಳಿಯಬೇಕಾದುದಿಲ್ಲ. ಔಷಧವು ಭ್ರಮೆ, ಆತಂಕಗಳನ್ನು ತಗ್ಗಿಸಬಲ್ಲದು. ನಾಲ್ಕು ಜನರೊಡನೆ ಮಾತನಾಡುವ, ಸರದಿಗಾಗಿ ಕಾಯುವ, ಹಣ ಎಣಿಸಿ ಸಾಮಾನು ಕೊಳ್ಳುವ ರೂಢಿಯನ್ನು ಅದೊಂದೇ ಮರಳಿಸಲಾರದು. ಬೆಂಗಳೂರಿನ ನಿಮ್ಹಾನ್ಸ್, ಬೇಕರಿಯಂಥ ಕಸುಬುಗಳನ್ನು ಪುನರ್ವಸತಿಯ ಭಾಗವಾಗಿಸಿರುವುದು ಇದೇ ಕಾರಣಕ್ಕೆ. ಆದರೆ ಮನೆಯವರೇ ಬರುವುದನ್ನು ಬಿಟ್ಟಿರುವ ರೋಗಿಗೆ ಒಂದು ದಿನ ಸಲುಗೆಯಿಂದ ಮಾತನಾಡಿ ಮತ್ತೆಂದೂ ಮುಖ ತೋರಿಸದವರು ಇನ್ನೊಂದು ಅಗಲಿಕೆಯನ್ನಷ್ಟೇ ಕೊಟ್ಟು ಹೋಗುತ್ತಾರೆ. ಐವತ್ತು ಮಂದಿ ಒಮ್ಮೆ ಬರುವುದಕ್ಕಿಂತ ಅದೇ ಇಬ್ಬರು ವಾರ ವಾರವೂ ಬರುವುದು ಮೇಲು.

2013ರ ಕಂಪೆನಿ ಕಾಯ್ದೆಯು ದೊಡ್ಡ ಕಂಪೆನಿಗಳು ಲಾಭದ ಸರಾಸರಿಯಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ ವೆಚ್ಚ ಮಾಡಬೇಕೆನ್ನುತ್ತದೆ. ಒಂದು ದಿನದ ಸಮಾರಂಭಗಳು ಈ ಲೆಕ್ಕಕ್ಕೆ ಸೇರವೆಂದು ಕೇಂದ್ರ ಸಚಿವಾಲಯ 2014ರಲ್ಲಿಯೇ ತಿಳಿಸಿದೆ. ನೌಕರರ ಸಮಯಕ್ಕೆ ಬೆಲೆ ಕಟ್ಟಿ ತೋರಿಸುವಂತೆಯೂ ಇಲ್ಲ. ಅಂದ ಮೇಲೆ ಈ ಭೇಟಿಗಳಿಂದ ಕಂಪೆನಿಗೆ ಉಳಿಯುವುದು ಛಾಯಾಚಿತ್ರ ಮಾತ್ರ. ಅದಕ್ಕೂ ತಡೆಯಿದೆ: ಚಿಕಿತ್ಸೆಯಲ್ಲಿರುವವರ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಗಳಿಗೆ ನೀಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ಹಣ್ಣಿನ ಬುಟ್ಟಿ ಹಿಡಿದು ಬಂದವರಿಗೆ ಇಲ್ಲವೆನ್ನುವ ಧೈರ್ಯ ಆಸ್ಪತ್ರೆಯ ಆಡಳಿತಕ್ಕೆ ಬೇಕು, ಅಷ್ಟೆ.

ರೋಗಿ ಊರಿಗೆ ಮರಳಿದ ಮೇಲಿನ ಸ್ಥಿತಿ ಇನ್ನೂ ಕಠಿಣ. ಔರಾದ್‌ನಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ಗಡಿಯಂಚಿನ ಕಮಲನಗರವನ್ನೇ ನೋಡಬಹುದು. ನಿಮ್ಹಾನ್ಸ್ ಆಗಲಿ, ಧಾರವಾಡದ ಡಿಮ್ಹಾನ್ಸ್ ಆಗಲಿ ಇಲ್ಲಿಂದ ನೂರಾರು ಕಿಲೋಮೀಟರ್ ದೂರ. ಬೀದರ್‌ನ ಬ್ರಿಮ್ಸ್ ಆಸ್ಪತ್ರೆಗೂ ಭಾಲ್ಕಿ ದಾಟಿ ಹೋಗಬೇಕು. ಮನೆಯಲ್ಲಿ ಮರಾಠಿಯನ್ನೋ, ಗಡಿಯ ಕನ್ನಡವನ್ನೋ ಆಡುವ ರೋಗಿಗೆ ರಾಜಧಾನಿಯ ಸ್ವಯಂಸೇವಕನ ಇಂಗ್ಲಿಷ್ ಬೆರೆತ ಸಾಂತ್ವನ ತಲುಪುವುದೂ ಸಂದೇಹವೇ. ಮೇಲಾಗಿ, ಕಂಪೆನಿಗಳು ತಾವಿರುವ ಪ್ರದೇಶಕ್ಕೆ ಆದ್ಯತೆ ನೀಡಬೇಕೆಂಬುದು ಕಾಯ್ದೆಯ ಮಾತು. ಕಂಪೆನಿಗಳೇ ಇಲ್ಲದ ತಾಲ್ಲೂಕಿಗೆ ಆ ಸರದಿ ಎಂದು ಬರಬೇಕು?

ಆದ್ಯತೆಯೆಂದರೆ ನಿರ್ಬಂಧವಲ್ಲ. ಬೆಂಗಳೂರಿನ ಕಂಪೆನಿಗಳು ಜನರನ್ನಲ್ಲದಿದ್ದರೂ ಹಣವನ್ನು ಇಲ್ಲಿಗೆ ಕಳುಹಿಸಬಹುದು. ಜನರಿಗೆ ಇಲ್ಲಿ ಕೊರತೆಯಿಲ್ಲ: ಬೀದರ್ ಡಿಸಿಸಿ ಬ್ಯಾಂಕ್ ಬೆಳೆಸಿದ ಮಹಿಳಾ ಸ್ವಸಹಾಯ ಗುಂಪುಗಳಿವೆ, ಬ್ಯಾಂಕು, ಸಕ್ಕರೆ ಕಾರ್ಖಾನೆಗಳ ನೌಕರರಿದ್ದಾರೆ, ಊರೂರಿನ ಭಜನಾ ಮಂಡಳಿಗಳಿವೆ. ಗುಣಮುಖಳಾಗಿ ಬಂದ ಹೆಣ್ಣುಮಗಳನ್ನು ವಾರದ ಸಭೆಗೆ ಕರೆದು ಕೂರಿಸಿಕೊಳ್ಳಲು ವೈದ್ಯಕೀಯ ಪದವಿ ಬೇಕಿಲ್ಲ. ಮಾತ್ರೆ ಬಿಟ್ಟವರನ್ನು ಗುರುತಿಸುವಷ್ಟು ತರಬೇತಿ ಸಾಕು. ಇಂದು ದೇಶದಾದ್ಯಂತ ಹರಡಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೊದಲ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಕೈಗೊಂಡದ್ದು ಇದೇ ಕಲ್ಯಾಣ ಕರ್ನಾಟಕದ ಬಳ್ಳಾರಿಯಲ್ಲಿ. ಬೀದರ್ ಜಿಲ್ಲಾಡಳಿತವು ಆ ಕಾರ್ಯಕ್ರಮದ ಸಿಬ್ಬಂದಿಯಿಂದಲೇ ತರಬೇತಿ ಕೊಡಿಸಲಿ. ತಾಲ್ಲೂಕು ಕೇಂದ್ರದಲ್ಲಿ ವಾರಕ್ಕೆರಡು ದಿನ ತೆರೆಯುವ ಒಂದು ಹಗಲು ಕೇಂದ್ರ, ಅಲ್ಲಿಗೆ ಬರುವವರ ಬಸ್ ಖರ್ಚು, ಮಧ್ಯಾಹ್ನದ ಊಟ ಇವಿಷ್ಟನ್ನು ಮೂರು ವರ್ಷ ಭರಿಸುವಂತೆ ಕಂಪೆನಿಗಳನ್ನು ಕೇಳಲಿ.